‘ಹೋಗಿ ಬರ್ತೀನಿ’ ಅಂದ ಹುಡುಗನ ಕಥೆ ಕಳಿಸಿದವರಿಗೆ

ನಮಸ್ಕಾರ.

ನಿಮ್ಮ ಕಥೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಪ್ರಕಟಿಸಲು ಆಗುವುದಿಲ್ಲ. ಆದರೆ ಅದರ ಒಂದು ಜಾಗ ನನ್ನನ್ನು ಬಿಡುತ್ತಿಲ್ಲ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಗೆಳೆಯನ ಅಪ್ಪ ತೀರಿಕೊಂಡ ಮನೆಗೆ ಹೋದ ಹುಡುಗ, ಹೊರಡುವಾಗ ಬಾಗಿಲಲ್ಲಿ ನಿಂತು ‘ಹೋಗಿ ಬರ್ತೀನಿ’ ಅನ್ನುತ್ತಾನೆ. ಒಳಗಿದ್ದವರೆಲ್ಲ ತಲೆಯೆತ್ತಿ ನೋಡುತ್ತಾರೆ. ಎಂಥ ಜಾಗ ಅದು! ಬೇರೆ ಯಾವ ಮನೆಯಲ್ಲಾದರೂ ಅದು ಮರ್ಯಾದೆಯ ಮಾತು. ಬರೀ ‘ಹೋಗ್ತೀನಿ’ ಅಂದರೇ ಹಿರಿಯರು ತಿದ್ದುತ್ತಾರೆ. ಸಾವಿನ ಮನೆಯಲ್ಲಿ ಮಾತ್ರ ಏನೂ ಹೇಳದೆ ಎದ್ದು ಬರಬೇಕು. ಇಂಥ ಕಾರಣಕ್ಕೆ ಅಲ್ಲಿಗೆ ಮತ್ತೆ ಬರುವಂತಾಗಬಾರದು, ಅಲ್ವಾ?

ಇದನ್ನೆಲ್ಲ ನೀವು ಅಲ್ಲೇ ಎಂಟು ಸಾಲಿನಲ್ಲಿ ವಿವರಿಸಿದ್ದೀರಿ. ಹುಡುಗನ ಮುಖ ನೋಡಬೇಕಾದ ಹೊತ್ತಿನಲ್ಲಿ ನಾನು ಪದ್ಧತಿಯ ಪಾಠ ಕೇಳುತ್ತಾ ಕೂತಿದ್ದೆ. ಆ ಎಂಟೂ ಸಾಲು ತೆಗೆಯಿರಿ. ಬದಲಿಗೆ ಮೊದಲ ಪುಟದಲ್ಲಿ ಅವನು ಶಾಲೆಗೆ ಹೊರಡುತ್ತಾ ‘ಅಮ್ಮಾ, ಹೋಗ್ತೀನಿ’ ಅನ್ನಲಿ. ಅವಳು ಸೌಟು ಹಿಡಿದೇ ಬಾಗಿಲಿಗೆ ಬಂದು, ‘ಹಾಗನ್ನಬಾರದು ಕಣೋ, ಹೋಗಿ ಬರ್ತೀನಿ ಅನ್ನು’ ಅನ್ನಲಿ. ಅಷ್ಟು ಸಾಕು. ಆಮೇಲೆ ಆ ಮನೆಯಲ್ಲಿ ಅವನು ಅಮ್ಮ ಕಲಿಸಿದ್ದನ್ನೇ ಹೇಳಿದಾಗ ಓದುವವರ ಕರುಳು ಚುರುಕ್ ಅನ್ನುತ್ತದೆ. ಪಾಪ, ಒಳ್ಳೆಯ ಹುಡುಗನಾಗಲು ಹೋಗಿ ತಪ್ಪಿದವನು ಅವನು.

ಐದನೇ ಪುಟದಲ್ಲಿ ಇದರ ಉಲ್ಟಾ ಆಗಿದೆ. ಅಜ್ಜಿ ‘ಅಕ್ಕಿ ಹೆಚ್ಚಾಯ್ತು’ ಅನ್ನುತ್ತಾಳೆ. ಮುಂದೆ ಯಾರೋ ಅಂಗಡಿಗೆ ಓಡುತ್ತಾರೆ. ಮುಗಿಯಿತು, ಖಾಲಿ ಅನ್ನುವ ಮಾತನ್ನು ಬಾಯಲ್ಲಿ ಆಡಬಾರದು ಅಂತ ಹಾಗೆ ಹೇಳುವ ಮನೆಯಲ್ಲೇ ನಾನು ಬೆಳೆದವನು, ನನಗೆ ಗೊತ್ತಾಯಿತು. ಬೇರೆಯವರು ಅಕ್ಕಿ ಜಾಸ್ತಿಯಿದೆ ಅಂದುಕೊಳ್ಳುತ್ತಾರೆ. ಪಾವು ಡಬ್ಬಿಯ ತಳ ಕೆರೆದ ಸದ್ದು ಮೊದಲು ಕೇಳಿಸಲಿ. ಆಮೇಲೆ ಅಜ್ಜಿ ಮಾತಾಡಲಿ.

ಇನ್ನು ಆಸ್ತಿ ಜಗಳದಲ್ಲಿ ಅಣ್ಣ ಇದ್ದಕ್ಕಿದ್ದಂತೆ ತಮ್ಮನಿಗೆ ‘ನೀವು ಹೇಳಿ’ ಅಂದದ್ದು ಚೆನ್ನಾಗಿದೆ. ಅಲ್ಲಿಯವರೆಗೆ ಅವನು ‘ನೀನು’ ಅಂತಲೇ ಕರೆದಿದ್ದಾನೆ. ಒಂದು ‘ನೀವು’ ಇಬ್ಬರ ನಡುವೆ ಗೋಡೆ ಎಬ್ಬಿಸಿತು. ಹಿಂದೆಯೇ ‘ಎಂದು ವ್ಯಂಗ್ಯವಾಗಿ ನುಡಿದನು’ ಅಂತ ಬರೆದಿದ್ದೀರಿ, ಅದು ಸುಮ್ನೆ ಭಾರ. ತೆಗೆದುಬಿಡಿ.

ಒಂದು ತಿಂಗಳು ಬಿಟ್ಟು, ತಿದ್ದಿ ಕಳಿಸಿ. ಬಾಗಿಲಲ್ಲಿ ನಿಂತ ಆ ಹುಡುಗನನ್ನು ಮತ್ತೊಮ್ಮೆ ನೋಡಬೇಕು ಅಂತ ನನಗೆ ನಿಜವಾಗಿಯೂ ಆಸೆಯಿದೆ.

— ಸಂಪಾದಕ