ಬರೋ ಕಾರಿಗೆ ಕಾಯೋದಾ, ಬಂದಿರೋ ಕಾರ್ ತಗೊಳ್ಳೋದಾ?

ಸಕಲೇಶಪುರದ ಓದುಗ ಮಿತ್ರರೇ,

ನಿಮ್ಮ ಉದ್ದದ ಪತ್ರ ಪೂರ್ತಿ ಓದಿದೆ. ಕೋಪದಲ್ಲೇ ಬರ್ದಿದೀರ, ಆದ್ರೆ ಕಾರು ಅಂದ್ರೆ ನಿಮಗೆಷ್ಟು ಪ್ರೀತಿ ಅನ್ನೋದೂ ಅದ್ರಲ್ಲೇ ಗೊತ್ತಾಗತ್ತೆ, ಹಾಗಾಗಿ ನಾಲ್ಕು ಸಾಲಲ್ಲಿ ಉತ್ತರ ಕೊಟ್ಟು ಮುಗಿಸೋಕೆ ಮನಸ್ಸಾಗ್ಲಿಲ್ಲ. ಪತ್ರ ನೋಡದೇ ಇರೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ. ಹೋದ ಸಂಚಿಕೆಲಿ ನಾನು ಈಗಿನ ಕಾರುಗಳಲ್ಲಿ ಸ್ಕ್ರೀನ್ ಜಾಸ್ತಿ ಆಯ್ತು, ಓಡ್ಸೋ ಖುಷಿ ಕಮ್ಮಿ ಆಯ್ತು ಅಂತ ಬರ್ದಿದ್ದೆ, ಅದಕ್ಕೆ ಇವರು "ಹಳೇ ಕಾಲದ್ದೇ ಚೆಂದ ಅಂತ ಗೋಳಾಡ್ಬೇಡಿ, ಹೊಸ ಕಾರು ಎಲ್ಲದರಲ್ಲೂ ಮುಂದಿದೆ" ಅಂತ ಬರ್ದಿದಾರೆ. ಜೊತೆಗೆ ಮೂರು ಪ್ರಶ್ನೆ. ಆನ್ ರೋಡ್ 15 ಲಕ್ಷ ಬಜೆಟ್ ಇದೆ, ಈಗ್ಲೇ ತಗೊಳ್ಲಾ ಇಲ್ಲ ರೆನೋದ ಹೊಸ ಡಸ್ಟರ್ ಹೈಬ್ರಿಡ್ (ಪೆಟ್ರೋಲ್ ಇಂಜಿನ್ ಜೊತೆ ಬ್ಯಾಟರಿ, ಮೋಟರ್ರೂ ಇರೋದು) ಥರದ್ದು ಬರೋವರೆಗೂ ಕಾಯ್ಲಾ? ಶಿರಾಡಿ ಘಾಟಿ ಹತ್ತಿ ಇಳಿಯೋರಿಗೆ ಎಲೆಕ್ಟ್ರಿಕ್ ಆಗತ್ತಾ? ಮನೇಲಿರೋ 2013ರ ಫಿಗೋ ಡೀಸೆಲ್ ಕೊಟ್ಬಿಡ್ಲಾ?

ಮೊದಲು ನೀವು ಸರಿಯಾಗಿ ಹೇಳಿರೋದನ್ನ ಒಪ್ಕೊಂಡೇ ಶುರು ಮಾಡ್ತೀನಿ. ಸೇಫ್ಟಿ ವಿಷ್ಯದಲ್ಲಿ ಈಗಿನ ಕಾರು ನಿಜವಾಗ್ಲೂ ಬೇರೆ ಲೆವೆಲ್. 2014ರ ಜನವರಿಲಿ ಕಾರನ್ನ ಗುದ್ದಿಸಿ ಸೇಫ್ಟಿ ಪರೀಕ್ಷೆ ಮಾಡೋ ಗ್ಲೋಬಲ್ ಎನ್‌ಕ್ಯಾಪ್‌ನೋರು ನಮ್ಮ ದೇಶದ ಐದು ಕಾರ್ ಟೆಸ್ಟ್ ಮಾಡಿದ್ರು, ಆಲ್ಟೋ 800, ಐ10, ನ್ಯಾನೋ, ಫಿಗೋ, ಪೋಲೋ, ಏರ್‌ಬ್ಯಾಗ್ ಇಲ್ಲದ ಬೇಸ್ ಮಾಡೆಲ್‌ಗಳು, ಐದಕ್ಕೆ ಐದೂ ಸೊನ್ನೆ ಸ್ಟಾರ್. ನೆನಪಿಟ್ಕೊಳ್ಳಿ, ನಿಮ್ಮ ಫಿಗೋ ಆ ಕಾಲದ್ದೇ. ಆಮೇಲೆ 2018ರಲ್ಲಿ ನೆಕ್ಸಾನ್ ಮೊದಲ ಸಲ ಐದು ಸ್ಟಾರ್ ತಗೊಂಡಾಗ ಜನ ಶೋರೂಮಿಗೆ ಹೋಗಿ "ಇದಕ್ಕೆಷ್ಟು ಸ್ಟಾರ್" ಅಂತ ಕೇಳೋಕೆ ಶುರು ಮಾಡಿದ್ರು, 2023ರ ಅಕ್ಟೋಬರ್‌ನಲ್ಲಿ ನಮ್ಮದೇ ಭಾರತ್ ಎನ್‌ಕ್ಯಾಪ್ ಬಂತು, 2024ರಲ್ಲಿ ಡಿಸೈರ್ ಐದು ಸ್ಟಾರ್ ತಗೊಳ್ತು. ಮಾರುತಿ ಕಾರಿಗೆ ಐದು ಸ್ಟಾರ್ ಅಂತ ಹತ್ತು ವರ್ಷದ ಹಿಂದೆ ಯಾರಾದ್ರೂ ಹೇಳಿದ್ರೆ ನಂಬ್ತಿರ್ಲಿಲ್ಲ. ಇದಕ್ಕೋಸ್ಕರ ಹೊಸ ಕಾರು ತಗೊಳ್ಳಿ ಅಂತ ನಾನೇ ಹೇಳ್ತೀನಿ.

ಆದ್ರೆ "ಎಲ್ಲದರಲ್ಲೂ ಮುಂದೆ" ಅನ್ನೋದನ್ನ ಒಪ್ಪಲ್ಲ.

ನೀವು ಮಲೆನಾಡಲ್ಲಿರೋರು, ನಿಮಗೇ ಕೇಳ್ತೀನಿ. ಜುಲೈ ತಿಂಗಳು, ಶಿರಾಡಿ ಘಾಟಿಯ ದೋಣಿಗಲ್ ಇಳೀತಾ ಇದೀರ, ಜೋರು ಮಳೆ, ಎದುರಿಂದ ಟ್ಯಾಂಕರ್ ಬರ್ತಿದೆ, ಒಂದೇ ಸಲಕ್ಕೆ ಗ್ಲಾಸ್ ಪೂರ್ತಿ ಮಂಜು ಕಟ್ಕೊಳ್ತು. ಆಗ ನಿಮಗೆ ಬೇಕಿರೋದು ನೋಡದೇ ಕೈಗೆ ಸಿಗೋ ಒಂದು ಡಿಫಾಗರ್ ಬಟನ್ನು, ಏಸಿ ತಿರುಗ್ಸೋ ಒಂದು ನಾಬ್. ಸ್ಕ್ರೀನಲ್ಲಿ ಅದನ್ನ ಹುಡುಕ್ಬೇಕು ಅಂದ್ರೆ ಕಣ್ಣು ರಸ್ತೆಯಿಂದ ಕೆಳಗೆ ಬರ್ಲೇಬೇಕು. 60ರ ಸ್ಪೀಡಲ್ಲಿ ಗಾಡಿ ಸೆಕೆಂಡಿಗೆ ಹೆಚ್ಚೂಕಮ್ಮಿ 17 ಮೀಟರ್ ಹೋಗತ್ತೆ, ಎರಡು ಸೆಕೆಂಡ್ ಸ್ಕ್ರೀನ್ ನೋಡಿದ್ರೆ 33 ಮೀಟರ್ ನೀವು ಕುರುಡಾಗಿ ಓಡ್ಸಿದ ಹಾಗೆ, ಘಾಟಿಲಿ ಅಷ್ಟರಲ್ಲಿ ಒಂದು ತಿರುವೇ ಬಂದ್ಬಿಡತ್ತೆ. ಇದು ಹಳೇ ಕಾಲದ ಗೋಳು ಅಂತ ನೀವಂದ್ರಿ, ಆದ್ರೆ ಯುರೋ ಎನ್‌ಕ್ಯಾಪ್‌ನೋರು 2026ರಿಂದ ಇಂಡಿಕೇಟರ್, ವೈಪರ್, ಹಾರ್ನ್, ಹಜಾರ್ಡ್ ಲೈಟ್ ಇವಕ್ಕೆಲ್ಲ ನಿಜವಾದ ಬಟನ್ನೋ ಕಡ್ಡಿನೋ ಇರ್ಬೇಕು, ಇಲ್ದಿದ್ರೆ ಪೂರ್ತಿ ಅಂಕ ಇಲ್ಲ ಅಂತ ಮಾಡಿದಾರೆ. ಸ್ಕ್ರೀನ್ ಹುಚ್ಚು ಹತ್ತಿಸ್ಕೊಂಡಿದ್ದ ಫೋಕ್ಸ್‌ವ್ಯಾಗನ್ ಕೂಡ ಬಟನ್ ವಾಪಸ್ ತರ್ತೀವಿ ಅಂತ ಹೇಳಾಯ್ತು. ನಮ್ಮಲ್ಲಿ ಮಾತ್ರ ಇನ್ನೂ ಡ್ಯಾಶ್‌ಬೋರ್ಡ್ ಉದ್ದಕ್ಕೂ ಮೂರು ಸ್ಕ್ರೀನ್ ಜೋಡ್ಸಿ ಅದನ್ನೇ ದೊಡ್ಡದಾಗಿ ಜಾಹೀರಾತು ಮಾಡ್ತಿದಾರೆ, ಮಹೀಂದ್ರಾದ ಎಕ್ಸ್‌ಇವಿ 9ಇ ನೋಡಿ, ಟಾಟಾದ ಹೊಸ ಸಿಯೆರಾದ ಟಾಪ್ ಮಾಡೆಲ್ ನೋಡಿ. ಎರಡೂ ಒಳ್ಳೇ ಗಾಡಿನೇ, ಸಿಯೆರಾ ಅಂತೂ ಡಿಸೈನ್ ವಿಷ್ಯದಲ್ಲಿ ನನಗೆ ತುಂಬ ಇಷ್ಟ ಆದ ಕಾರು, 1991ರ ಹಳೇ ಸಿಯೆರಾದ ಆ ಬಾಗಿದ ಹಿಂದಿನ ಗಾಜಿನ ನೆನಪನ್ನ ಕೆಡಿಸದೇ ಐದು ಡೋರಿಗೆ ತಂದಿದಾರೆ, ಆದ್ರೆ ಮೂರನೇ ಸ್ಕ್ರೀನ್ ಬದ್ಲು ಆ ದುಡ್ಡನ್ನ ಬೇಸ್ ಮಾಡೆಲ್‌ಗೆ ಒಳ್ಳೇ ಟೈರು, ಒಳ್ಳೇ ಹೆಡ್‌ಲೈಟು ಕೊಡೋಕೆ ಹಾಕಿದ್ರೆ ಎಷ್ಟು ಚೆನ್ನಾಗಿರ್ತಿತ್ತು.

ಸ್ಟೆಪ್ನಿ ಕಥೆನೂ ಇದೇ. ಟೈರ್ ಪ್ರೆಶರ್ ತೋರ್ಸೋ ಸಿಸ್ಟಮ್ಮು, ಪಂಚರ್ ಕಿಟ್ಟು ಕೊಟ್ರೆ ಸ್ಟೆಪ್ನಿ ಕೊಡ್ದಿದ್ರೂ ನಡೆಯತ್ತೆ ಅಂತ 2020ರಲ್ಲೇ ಕೇಂದ್ರ ಸರ್ಕಾರ ನಿಯಮ ಸಡಿಲ ಮಾಡ್ತು, ಆಮೇಲೆ ಎಷ್ಟೋ ಎಲೆಕ್ಟ್ರಿಕ್ ಕಾರಲ್ಲಿ ಸ್ಟೆಪ್ನಿ ಮಾಯ ಆಯ್ತು. ಟೈರಿನ ಸೈಡ್ ಹರಿದ್ರೆ ಕಿಟ್ಟಿಂದ ಏನೂ ಆಗಲ್ಲ, ಘಾಟಿ ಕೆಳಗಿನ ಗುಂಡ್ಯ ಕಾಡಲ್ಲಿ ರಾತ್ರಿ ನೆಟ್‌ವರ್ಕ್ ಇಲ್ಲದ ಕಡೆ ಅದು ಹರಿದ್ರೆ ಏನ್ ಮಾಡ್ತೀರಿ? ಶೋರೂಮಿಗೆ ಹೋದಾಗ ಡಿಕ್ಕಿ ತೆಗ್ಸಿ ಮ್ಯಾಟ್ ಎತ್ತಿ ನೋಡಿ, ಸನ್‌ರೂಫ್ ಆಮೇಲೆ ನೋಡೋಣ.

ಎಲ್ಲಾ ಕಾರೂ ಯಾಕೆ ಒಂದೇ ಥರ ಕಾಣ್ಸತ್ತೆ ಅಂತಾನೂ ಕೇಳಿದೀರ, ಇದು ನನಗೆ ಬಹಳ ಇಷ್ಟದ ವಿಷ್ಯ. ಡಿಸೈನರ್‌ಗಳನ್ನ ಬೈಯೋಕೆ ಮೊದ್ಲು ಟ್ಯಾಕ್ಸ್ ನೋಡ್ಬೇಕು. 2006ರ ಬಜೆಟ್‌ನಲ್ಲಿ ಸಣ್ಣ ಕಾರಿಗೆ ಎಕ್ಸೈಸ್ 24ರಿಂದ 16 ಪರ್ಸೆಂಟಿಗೆ ಇಳ್ಸಿದ್ರು, ಸಣ್ಣ ಕಾರು ಅಂದ್ರೆ ಉದ್ದ ನಾಲ್ಕು ಮೀಟರ್ ಒಳಗಿರ್ಬೇಕು, ಪೆಟ್ರೋಲ್ ಆದ್ರೆ 1200 ಸಿಸಿ, ಡೀಸೆಲ್ ಆದ್ರೆ 1500 ಸಿಸಿ ದಾಟ್ಬಾರ್ದು. ಅಲ್ಲಿಂದ ಇಡೀ ಇಂಡಸ್ಟ್ರಿ ಅಳತೆ ಟೇಪ್ ಹಿಡ್ಕೊಂಡೇ ಕಾರ್ ಮಾಡ್ತಾ ಬಂತು. ಇಂಡಿಗೋ ಸಿಎಸ್ ಅಂತ ಡಿಕ್ಕಿ ಕತ್ತರಿಸಿದ ಸೆಡಾನ್ ಬಂತು, 2012ರಲ್ಲಿ ಡಿಸೈರ್ ಡಿಕ್ಕಿನೂ ಗಿಡ್ಡ ಆಯ್ತು, ಆಮೇಲೆ ಅದೇ ನಾಲ್ಕು ಮೀಟರಲ್ಲಿ ಎತ್ತರ ಏರ್ಸಿ ಎಸ್‌ಯುವಿ ಅಂದ್ರು, ಬ್ರೆಜ್ಜಾ, ನೆಕ್ಸಾನ್, ವೆನ್ಯೂ, ಸೋನೆಟ್ ಎಲ್ಲ ಆ ಅಚ್ಚಲ್ಲೇ ಬಂದಿದ್ದು. ಒಂದು ಲೀಟರಿನ ಮೂರು ಸಿಲಿಂಡರ್ ಟರ್ಬೋಗಳು ಇಷ್ಟೊಂದು ಬರೋಕೂ ಆ ಗೆರೆ ದೊಡ್ಡ ಕಾರಣ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಬದಲಾಯ್ತಲ್ಲ, ಆಗ ಈ ಸಣ್ಣ ಕಾರುಗಳ ಟ್ಯಾಕ್ಸ್ ಸೆಸ್ ಎಲ್ಲ ಸೇರಿ 29-31 ಇದ್ದಿದ್ದು 18ಕ್ಕೆ ಇಳೀತು, ದೊಡ್ಡ ಕಾರಿಂದು 45, 50 ಇದ್ದಿದ್ದು 40ಕ್ಕೆ ನಿಲ್ತು. ದೊಡ್ಡದೂ ಅಗ್ಗ ಆಯ್ತು ಅನ್ನೋದು ನಿಜ, ಆದ್ರೆ ಗೆರೆಯ ಆಚೆ ಈಚೆ ಇನ್ನೂ 22 ಪರ್ಸೆಂಟ್ ವ್ಯತ್ಯಾಸ ಇದೆ. ಹಾಗಾಗಿ ನಾಲ್ಕು ಮೀಟರ್ ಉದ್ದದೊಳಗಿನ ಎತ್ತರದ ಡಬ್ಬಿ ಕಾರು ಇನ್ನೂ ಬಹಳ ವರ್ಷ ಇರತ್ತೆ.

ಇದ್ರ ಮೇಲೆ ನಮ್ಮ ಕರ್ನಾಟಕದ ರೋಡ್ ಟ್ಯಾಕ್ಸ್ ಬೇರೆ. ಪೆಟ್ರೋಲ್ ಡೀಸೆಲ್ ಕಾರು 10 ಲಕ್ಷ ದಾಟಿದ್ರೆ 17 ಪರ್ಸೆಂಟ್, ಅದ್ರ ಮೇಲೆ ಸೆಸ್. ಅಂದ್ರೆ ಎಕ್ಸ್ ಶೋರೂಮ್ 12 ಲಕ್ಷದ ಗಾಡಿಗೆ ರೋಡ್ ಟ್ಯಾಕ್ಸೇ ಎರಡು ಲಕ್ಷದ ಮೇಲೆ ಹೋಗತ್ತೆ, ಇನ್ಶೂರೆನ್ಸ್ ಸೇರ್ಸಿದ್ರೆ ನಿಮ್ಮ 15 ಲಕ್ಷ ಅಲ್ಲಿಗೇ ಮುಗೀತು. ದೆಹಲಿ ಬೆಲೆ ನೋಡಿ ಕಾರ್ ಡಿಸೈಡ್ ಮಾಡಿ ಆಮೇಲೆ ಹಾಸನದ ಶೋರೂಮಲ್ಲಿ ಕೊಟೇಶನ್ ನೋಡಿ ಬೇಜಾರಾಗ್ಬೇಡಿ, ಈಗ್ಲೇ 12ರ ಒಳಗೆ ಹುಡ್ಕಿ.

ಈಗ ಕಾಯೋ ವಿಷ್ಯ. ಸಿಯೆರಾ ಕಾನ್ಸೆಪ್ಟ್, ಅಂದ್ರೆ ಬರೀ ಪ್ರದರ್ಶನದ ಮಾದರಿ, ತೋರ್ಸಿದ್ದು 2020ರ ಆಟೋ ಎಕ್ಸ್‌ಪೋದಲ್ಲಿ, ಅದೂ ಎಲೆಕ್ಟ್ರಿಕ್ ಅಂತ. ಮಾರಾಟಕ್ಕೆ ಬಂದಿದ್ದು 2025ರ ನವೆಂಬರ್ 25ಕ್ಕೆ, 11.49 ಲಕ್ಷದಿಂದ ಶುರು, ಬಂದಿದ್ದು ಮೊದ್ಲು ಪೆಟ್ರೋಲು ಡೀಸೆಲ್ಲು. ಅದಕ್ಕೇ ಅಂತ ಕಾಯ್ತಾ ಕೂತೋರು ಐದೂವರೆ ವರ್ಷಕ್ಕೂ ಮೇಲೆ ಕಾದ್ರು. 2025ರ ಆಗಸ್ಟ್ 15ಕ್ಕೆ ಮಹೀಂದ್ರಾದೋರು ಮುಂಬೈಲಿ ವಿಷನ್ ಎಸ್, ಎಕ್ಸ್, ಟಿ, ಎಸ್‌ಎಕ್ಸ್‌ಟಿ ಅಂತ ನಾಲ್ಕು ಕಾನ್ಸೆಪ್ಟ್ ತೋರ್ಸಿದ್ರು, ನೋಡೋಕೆ ಅದ್ಭುತ, ಗಾಡಿ ಬರೋದು 2027ರಿಂದ ಅಂತ ಅವರೇ ಹೇಳಿದಾರೆ. ಕಾನ್ಸೆಪ್ಟಲ್ಲಿರೋ ಆ ದಪ್ಪ ವೀಲು, ತೆಳ್ಳಗಿನ ಕನ್ನಡಿ ಪ್ರೊಡಕ್ಷನ್‌ಗೆ ಬರೋ ಹೊತ್ತಿಗೆ ಎಷ್ಟು ಉಳಿಯತ್ತೋ ನೋಡ್ಬೇಕು. ಇನ್ನು ನಿಮ್ಮ ಡಸ್ಟರ್. 2012ರ ಡಸ್ಟರ್ ನಮ್ಮ ಕಾಫಿ ತೋಟದ ರಸ್ತೆಗಳಿಗೆ ಹೇಳಿ ಮಾಡ್ಸಿದ ಗಾಡಿ, ಆ ಸಸ್ಪೆನ್ಷನ್ ಮೆಚ್ಚದೇ ಇರೋ ಪ್ಲಾಂಟರ್ ಸಿಗೋದು ಕಷ್ಟ, ಅದಕ್ಕೇ 2026ರ ಜನವರಿ 26ಕ್ಕೆ ಹೊಸದನ್ನ ತೋರ್ಸಿದಾಗ ನನಗೂ ಖುಷಿ ಆಯ್ತು. ಆದ್ರೆ ಹಳೇ ಡಸ್ಟರ್‌ನ ಜನ ಪ್ರೀತಿಸಿದ್ದು ಆ 1.5 ಡೀಸೆಲ್ ಇಂಜಿನ್ನಿಂದ, ಹೊಸದ್ರಲ್ಲಿ ಡೀಸೆಲ್ಲೇ ಇಲ್ಲ. ಜೊತೆಗೆ ಹೈಬ್ರಿಡ್ ಅಂದ್ರೆ ಯಾವ ಕಂಪನಿದೇ ಆಗ್ಲಿ ಸಾಮಾನ್ಯವಾಗಿ ಮೇಲಿನ ವೇರಿಯಂಟಲ್ಲೇ ಬರತ್ತೆ, ನಿಮ್ಮ ಬಜೆಟ್‌ಗೆ ಸಿಗತ್ತೆ ಅಂತ ನನಗೆ ಅನ್ಸಲ್ಲ. ಹೈಬ್ರಿಡ್ಡೇ ಬೇಕು ಅಂದ್ರೆ ನಮ್ಮ ಬಿಡದಿಲೇ ತಯಾರಾಗೋ ಟೊಯೋಟಾ ಹೈರೈಡರ್ ಈಗ್ಲೇ ಇದೆಯಲ್ಲ, ಸಿಟಿ ಟ್ರಾಫಿಕ್ಕಲ್ಲಿ ಅದ್ರ ಮೈಲೇಜ್‌ಗೆ ಸಾಟಿ ಇಲ್ಲ, ಆದ್ರೆ ಬಜೆಟ್ ಪ್ರಶ್ನೆ ಅದಕ್ಕೂ ಇದೆ, ಮೇಲಾಗಿ ಉದ್ದಕ್ಕೆ ಏರು ಹತ್ತುವಾಗ ಬ್ಯಾಟರಿ ಖಾಲಿ ಆದ್ಮೇಲೆ ಆ ಇಂಜಿನ್ ಕೂಗೋಕೆ ಶುರು ಮಾಡತ್ತೆ, ಘಾಟಿ ದಿನಾ ಹತ್ತೋರು ಓಡ್ಸಿ ನೋಡದೇ ಬುಕ್ ಮಾಡ್ಬಾರ್ದು.

ಎಲೆಕ್ಟ್ರಿಕ್ ಬಗ್ಗೆ ನಿಮ್ಮ ಭಯ ಅರ್ಧ ಸರಿ. ಲೆಕ್ಕ ಹಾಕೋಣ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 800 ಮೀಟರ್ ಎತ್ತರ ಅಂದ್ಕೊಳ್ಳಿ, ಒಂದೂವರೆ ಟನ್ ಗಾಡಿನ ಅಷ್ಟು ಮೇಲೆ ಎತ್ತೋಕೇ ಮೂರೂಕಾಲು ಯೂನಿಟ್ ಕರೆಂಟ್ ಬೇಕು, ರಸ್ತೆ ಮಾಮೂಲಿ ಖರ್ಚು ಅದ್ರ ಮೇಲೆ. 45 ಯೂನಿಟ್ ಬ್ಯಾಟರಿಲಿ ಅದೇನ್ ದೊಡ್ಡದಲ್ಲ, ಇಳಿಯುವಾಗ ರೀಜೆನ್‌ನಿಂದ, ಅಂದ್ರೆ ಮೋಟರ್ರೇ ಬ್ರೇಕ್ ಥರ ಹಿಡಿದು ಕರೆಂಟ್ ಮಾಡೋದ್ರಿಂದ, ಒಂದು ಭಾಗ ವಾಪಸ್ಸೂ ಬರತ್ತೆ, ಬ್ರೇಕ್ ಕಾಯೋದೂ ಕಮ್ಮಿ, ಇಳಿಜಾರಲ್ಲಿ ಎಲೆಕ್ಟ್ರಿಕ್ ಕಾರು ನಿಜಕ್ಕೂ ಸುಖ. ಆದ್ರೆ ನಿಮ್ಮ ಮನೆ ಇರೋದು ಘಾಟಿಯ ಮೇಲೆ. ರಾತ್ರಿ ಮನೇಲಿ ನೂರು ಪರ್ಸೆಂಟ್ ಚಾರ್ಜ್ ಮಾಡಿ ಬೆಳಗ್ಗೆ ಸೀದಾ ಇಳಿದ್ರೆ ತುಂಬಿರೋ ಬ್ಯಾಟರಿಗೆ ರೀಜೆನ್ ಕರೆಂಟ್ ಹಿಡ್ಸೋಕೆ ಜಾಗ ಇರಲ್ಲ, ಆ ಬ್ರೇಕಿಂಗ್ ಹೆಚ್ಚೂಕಮ್ಮಿ ಸಿಗಲ್ಲ, ಜಾಸ್ತಿ ಕಾಲ್ ಬ್ರೇಕ್ ಮೇಲೇ ಇಳೀಬೇಕು. 85-90ಕ್ಕೆ ನಿಲ್ಸಿ. ಆಗ ಮಂಗಳೂರಿಗೆ ಹೋಗಿ ಬರೋ ಸುಮಾರು 260 ಕಿಲೋಮೀಟರ್, ಕೊನೇಲಿ ಏರು ಬೇರೆ, ಅದೇ ಬ್ಯಾಟರಿಲಿ ಬಿಗಿ ಆಗತ್ತೆ, ಮಂಗಳೂರಲ್ಲಿ ಒಂದು ಗಂಟೆ ಚಾರ್ಜ್ ಹಾಕೋ ಅಭ್ಯಾಸ ಮಾಡ್ಕೊಂಡ್ರೆ ಆರಾಮು. ತೋಟದಲ್ಲಿ ಮಳೆಗಾಲದಲ್ಲಿ ಕರೆಂಟ್ ಹೋದ್ರೆ ಎಷ್ಟು ದಿನ ಬರಲ್ಲ ಅನ್ನೋದು ನಿಮಗೇ ಗೊತ್ತು. ಅದೊಂದೇ ಕಾರಣಕ್ಕೆ, ಮನೇಲಿ ಇದೊಂದೇ ಗಾಡಿ ಆಗಿರತ್ತೆ ಅಂದ್ರೆ, ಎಲೆಕ್ಟ್ರಿಕ್ ಬೇಡ ಅಂತೀನಿ. ಎಲೆಕ್ಟ್ರಿಕ್ ಮೇಲೆ ನನಗೆ ದ್ವೇಷ ಏನಿಲ್ಲ, 2001ರಲ್ಲೇ ಬೆಂಗಳೂರಲ್ಲಿ ರೇವಾ ಅನ್ನೋ ಎಲೆಕ್ಟ್ರಿಕ್ ಕಾರ್ ಮಾಡಿ ಆಮೇಲೆ ಲಂಡನ್ ರಸ್ತೆಗೆ ಇಳ್ಸಿದ ನಾಡು ನಮ್ಮದು, ಅದ್ರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ.

ಹಾಗಾದ್ರೆ ಯಾವ್ದು? ಘಾಟಿಲಿ ಲಾರಿ ಹಿಂದೆ ಎರಡನೇ ಗೇರಲ್ಲಿ ತೆವಳ್ತಾ ಇರ್ತೀರಿ, ಸ್ವಲ್ಪ ಜಾಗ ಸಿಕ್ಕಿದ ತಕ್ಷಣ ಗಾಡಿ ಎಳೀಬೇಕು. ಒಂದು ಲೀಟರ್ ಟರ್ಬೋ ಪೆಟ್ರೋಲ್‌ಗಳು ಅಲ್ಲಿ ಒಂದು ಕ್ಷಣ ಉಸಿರು ಹಿಡಿಯತ್ತೆ, ಆರ್‌ಪಿಎಂ 1800 ದಾಟೋವರೆಗೂ ಏನೂ ಇಲ್ಲ. ಡ್ರೈ ಕ್ಲಚ್ ಇರೋ ಡಿಸಿಟಿ (ಎರಡು ಕ್ಲಚ್ಚಿನ) ಆಟೋಮ್ಯಾಟಿಕ್ ಆದ್ರೆ ಹಾಗೆ ತೆವಳ್ತಾ ಬಿಸಿ ಆಗತ್ತೆ. ನಿಮ್ಮಂಥವರಿಗೆ 1.5 ಡೀಸೆಲ್ಲೇ ಇವತ್ತಿಗೂ ಸರಿ. ಮ್ಯಾನುವಲ್ ಸಾಕು ಅಂದ್ರೆ ಎಕ್ಸ್‌ಯುವಿ 3ಎಕ್ಸ್‌ಒ ಡೀಸೆಲ್, 300 ಎನ್‌ಎಂ ಟಾರ್ಕು (ಎಳೆಯೋ ಶಕ್ತಿ), ಐದು ಸ್ಟಾರು, ನನ್ನ ಮೊದಲ ಆಯ್ಕೆ ಇದೇ. ಆಟೋಮ್ಯಾಟಿಕ್ಕೇ ಬೇಕು ಅಂದ್ರೆ ಸೋನೆಟ್ ಡೀಸೆಲ್‌ನ ಟಾರ್ಕ್ ಕನ್ವರ್ಟರ್ (ಕ್ಲಚ್ ಬದ್ಲು ಎಣ್ಣೆ ಮೂಲಕ ಎಳೆತ ದಾಟಿಸೋದು) ನೋಡಿ. ಓಡ್ಸೋ ಮಜಾನೇ ಮುಖ್ಯ, ತಿಂಗಳಿಗೆ ಕಮ್ಮಿ ಕಿಲೋಮೀಟರ್ ಅಂದ್ರೆ ಸ್ಕೋಡಾ ಕೈಲಾಕ್ ಮ್ಯಾನುವಲ್, ಟರ್ಬೋ ಲ್ಯಾಗ್ (ಮೇಲೆ ಹೇಳಿದ ಉಸಿರು ಹಿಡಿಯೋ ಆ ತಡ) ಇದ್ರೂ ಆ ಬಾಡಿಯ ಬಿಗಿ, ತಿರುವಲ್ಲಿ ಅದು ನಿಲ್ಲೋ ರೀತಿ ಈ ಬೆಲೆಲಿ ಬೇರೆ ಯಾರೂ ಕೊಡ್ತಿಲ್ಲ. ಆದ್ರೆ ಯಾವ್ದೇ ಆಗ್ಲಿ, ಶೋರೂಮಿನೋರು ತೋರ್ಸೋ ನೆಟ್ಟಗಿನ ಎರಡು ಕಿಲೋಮೀಟರ್ ಹೈವೇಲಿ ಟೆಸ್ಟ್ ಡ್ರೈವ್ ಮಾಡಿ ಒಪ್ಕೋಬೇಡಿ. ಗಾಡಿ ನಿಮ್ಮ ತೋಟದ ರಸ್ತೆಗೆ ತರ್ಸಿ, ಮನೆಯವರನ್ನೆಲ್ಲ ಕೂರ್ಸಿ, ಏಸಿ ಹಾಕಿ, ದೋಣಿಗಲ್ ಕಡೆ ಒಂದು ಸಲ ಇಳಿದು ಹತ್ತಿ. ಫೀಚರ್ ಲಿಸ್ಟಲ್ಲಿ ಯಾವತ್ತೂ ಸಿಗದ ವಿಷ್ಯ ಆ ಅರ್ಧ ಗಂಟೆಲಿ ಗೊತ್ತಾಗತ್ತೆ.

ಇನ್ನೊಂದು ಮಾತು ಹೇಳ್ದೇ ಇರೋಕಾಗಲ್ಲ. ನಾವು ಕಾರ್ ಪ್ರೇಮಿಗಳು ಹಗುರ ಗಾಡಿ ಬೇಕು, ಮ್ಯಾನುವಲ್ ಬೇಕು, ನಿಜವಾದ 4x4 ಬೇಕು ಅಂತೀವಿ, ಕೊಳ್ಳೋ ಹೊತ್ತಿಗೆ ಸನ್‌ರೂಫ್ ಕಡೆ ಹೋಗ್ತೀವಿ. ಮಾರುತಿಯ 4x4 ಜಿಮ್ನಿ ಐದು ಡೋರ್ 2023ರಲ್ಲಿ ಬಂದಾಗ ಇಲ್ಲಿ ಶೋರೂಮಲ್ಲೇ ನಿಂತಿತ್ತು. ಅದೇ ಗಾಡಿ ಇಲ್ಲಿಂದ್ಲೇ ಜಪಾನಿಗೆ ಹೋಗಿ 2025ರ ಶುರುವಲ್ಲಿ ಬುಕಿಂಗ್ ತೆಗೆದ್ರೆ ನಾಲ್ಕೇ ದಿನದಲ್ಲಿ ಹೆಚ್ಚೂಕಮ್ಮಿ 50,000 ಆರ್ಡರ್ ಬಂದು ಬುಕಿಂಗೇ ನಿಲ್ಲಿಸ್ಬೇಕಾಯ್ತು. ಪೋಲೋ 2022ಕ್ಕೆ ನಿಲ್ತು, ಆಮೇಲೆ 2025ರಲ್ಲಿ ಜೋರಾಗಿ ಓಡೋ ಗಾಡಿ ಅಂತ ಬಂದಿದ್ದು 53 ಲಕ್ಷದ ಗಾಲ್ಫ್ ಜಿಟಿಐ, ಇಲ್ಲಾ ಬರೀ 100 ಗಾಡಿ ತರ್ಸಿದ ಆಕ್ಟೇವಿಯಾ ಆರ್‌ಎಸ್, ಅದೂ ಐವತ್ತು ಲಕ್ಷ. ನಮ್ಮ ನಿಮ್ಮಂಥ ಸಂಬಳದೋರ ಕೈಗೆ ಉಳಿದಿರೋದು ವರ್ಟಸ್, ಸ್ಲಾವಿಯಾ 1.5ರ ಥರದ್ದು ಒಂದೆರಡು ಮಾತ್ರ. ಅವನ್ನ ಕೊಳ್ಳೋರಿದ್ರೆ ಕಂಪನಿಗಳು ಮಾಡ್ತವೆ, ಇಲ್ಲಾಂದ್ರೆ ಅವೂ ಹೋಗ್ತವೆ.

ಫಿಗೋ ವಿಷ್ಯ. ನೀವು ಬರ್ದಿರೋ ಪ್ರಕಾರ ಇಂಜಿನ್ ಚೆನ್ನಾಗಿದೆ, ತುಕ್ಕಿಲ್ಲ, ಹತ್ತಿರದಲ್ಲಿ ಗೊತ್ತಿರೋ ಮೆಕ್ಯಾನಿಕ್ ಇದಾನೆ. ಎಕ್ಸ್‌ಚೇಂಜ್‌ನಲ್ಲಿ ಅದಕ್ಕೆ ಬರೋ ದುಡ್ಡು ಜಾಸ್ತಿ ಏನಿರಲ್ಲ. ನೋಂದಣಿ 15 ವರ್ಷಕ್ಕೆ ಅಂದ್ರೆ 2028ರಲ್ಲಿ ಮುಗಿಯತ್ತೆ, ಅಲ್ಲಿವರೆಗೂ ಪೇಟೆಗೆ, ತೋಟಕ್ಕೆ ಇಟ್ಕೊಳ್ಳಿ, ರಿನ್ಯೂವಲ್ ಬಂದಾಗ ಫಿಟ್‌ನೆಸ್ ಖರ್ಚು ನೋಡಿ ತೀರ್ಮಾನ ಮಾಡಿ. ಆದ್ರೆ ಮಕ್ಕಳನ್ನ ಕೂರಿಸ್ಕೊಂಡು ಘಾಟಿ ಇಳಿಯೋದಿದ್ರೆ ಹೊಸ ಗಾಡಿಲೇ ಹೋಗಿ, ಹಿಂದಿನ ಸೀಟಲ್ಲೂ ಬೆಲ್ಟ್ ಹಾಕ್ಸಿ.

ಸಂಪಾದಕ