ಲಾಕ್‌ಡೌನ್‌ನಲ್ಲಿ ಬಾರದ ಕಿವಿನೋವು ಈಗ ಪದೇ ಪದೇ ಬರುತ್ತಿದೆ, ಮಗಳನ್ನು ಶಾಲೆ ಬಿಡಿಸಬೇಕಾ?

ಮನೆಯಲ್ಲೇ ಕೂಡಿಹಾಕಿದ್ದಕ್ಕೆ ಮಗಳ ರೋಗನಿರೋಧಕ ಶಕ್ತಿ ಕುಗ್ಗಿದೆಯಾ ಎಂದು ಕೇಳಿದ್ದೀರಿ. ಇಲ್ಲ. ಶಾಲೆಯನ್ನೂ ಬಿಡಿಸಬೇಡಿ. ನಾನೂ ಇದನ್ನೇ ಯೋಚಿಸಿ ತಲೆಕೆಡಿಸಿಕೊಂಡಿದ್ದೆ. ನೋಡಬೇಕಾದದ್ದನ್ನು ಮಾತ್ರ ನೋಡಲಿಲ್ಲ.

ನಮ್ಮ ಮಗನನ್ನು 2019ರಲ್ಲಿ ಮೈಸೂರಿನಲ್ಲಿ ಪ್ಲೇಹೋಮ್‌ಗೆ ಹಾಕಿದೆವು. ಅಲ್ಲಿಂದ ಶುರು. ನೆಗಡಿ ಬರುವುದು, ಅದರ ಬೆನ್ನಿಗೇ ರಾತ್ರಿ ಕಿವಿ ಹಿಡಿದುಕೊಂಡು ಅಳುವುದು. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಆಯಿತು, ಪ್ಲೇಹೋಮ್ ಮುಚ್ಚಿತು, ಕಿವಿನೋವೂ ನಿಂತಿತು. ನಮ್ಮ ಅತ್ತೆ ಕಷಾಯದಿಂದ ಎಂದರು, ನಾನು ಮನೆ ಊಟದಿಂದ ಎಂದುಕೊಂಡೆ. ಎರಡೂ ಅಲ್ಲ. ಅವನಿಗೆ ನೆಗಡಿಯೇ ಬಂದಿರಲಿಲ್ಲ.

ಮೂಗಿನ ಹಿಂಭಾಗದಿಂದ ಕಿವಿಯ ಒಳಗಿನವರೆಗೆ ಒಂದು ಸಣ್ಣ ನಳಿಕೆ ಇದೆ. ಮಕ್ಕಳಲ್ಲಿ ಅದು ಗಿಡ್ಡ, ಹೆಚ್ಚುಕಡಿಮೆ ಅಡ್ಡ. ನೆಗಡಿಯಾದಾಗ ಊದಿಕೊಂಡು ಮುಚ್ಚಿಕೊಳ್ಳುತ್ತದೆ, ಒಳಗೆ ನೀರು ನಿಲ್ಲುತ್ತದೆ, ಅದರಲ್ಲಿ ಬ್ಯಾಕ್ಟೀರಿಯಾ ಬೆಳೆದು ಕೀವಾಗುತ್ತದೆ. 2020ರಲ್ಲಿ ಇಟಲಿ, ಅಮೆರಿಕದಂಥ ಕಡೆಗಳಲ್ಲೂ ಮಕ್ಕಳ ಕಿವಿ ಸೋಂಕು ತುಂಬಾ ಇಳಿದಿತ್ತು. ಇಸ್ರೇಲಿನಲ್ಲಿ ಗಮನಿಸಿದ ಒಂದು ಸಂಗತಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುತ್ತದೆ. ನ್ಯುಮೋಕಾಕಸ್ ಎಂಬ ಬ್ಯಾಕ್ಟೀರಿಯಾ ಮಕ್ಕಳ ಮೂಗಿನಲ್ಲಿ ಆಗಲೂ ಹೆಚ್ಚುಕಡಿಮೆ ಮೊದಲಿನಷ್ಟೇ ಇತ್ತು. ಆದರೂ ಅದರಿಂದ ಬರುವ ನ್ಯುಮೋನಿಯಾದಂಥ ಕಾಯಿಲೆ ಕಡಿಮೆಯಾಗಿತ್ತು. ಫ್ಲೂನಂಥ ಹಲವು ನೆಗಡಿ-ಜ್ವರದ ವೈರಸ್‌ಗಳು ಆಗ ಹೆಚ್ಚು ಓಡಾಡುತ್ತಿರಲಿಲ್ಲ ಅಲ್ವಾ, ಅದಕ್ಕೇ ಇರಬೇಕು. ಕಿವಿ ಸೋಂಕು ತರುವುದರಲ್ಲೂ ಇದೇ ಬ್ಯಾಕ್ಟೀರಿಯಾದ ಕೈವಾಡ ಜಾಸ್ತಿ. ನಿಮ್ಮ ಮಗಳ ಶಕ್ತಿ ಎಲ್ಲೂ ಹೋಗಿಲ್ಲ. ಆಗ ಎದುರಾಗದ ನೆಗಡಿಗಳು ಈಗ ಎದುರಾಗುತ್ತಿವೆ.

ನಮ್ಮಲ್ಲಿ 2021ರ ನವೆಂಬರ್‌ನಲ್ಲಿ ಎಲ್‌ಕೆಜಿ, ಯುಕೆಜಿ ತೆರೆದರು. ಮಗ ಎಲ್‌ಕೆಜಿಗೆ ಹೋದ, ಕಿವಿನೋವು ವಾಪಸ್ ಬಂತು. ಮಕ್ಕಳ ಡಾಕ್ಟರು ಆಂಟಿಬಯೋಟಿಕ್ ಸಿರಪ್ ಬರೆದುಕೊಟ್ಟು, ಮುಗಿದ ಮೇಲೆ ಮತ್ತೆ ಕಿವಿ ತೋರಿಸಿ ಎಂದರು. ಸಿರಪ್ ಪೂರ್ತಿ ಕೊಟ್ಟೆ, ನೋವು ಹೋಯಿತು. ಮತ್ತೆ ತೋರಿಸಲಿಲ್ಲ.

ನಾನು ಮಾಡಿದ ತಪ್ಪು ಇದೊಂದೇ, ಆದರೆ ಇದನ್ನು ಬಿಡಿಸಿ ಹೇಳಲೇಬೇಕು. ನೋವು ಹೋದರೆ ಕಿವಿ ಸರಿಹೋಯಿತು ಎಂದು ನಾನು ನಂಬಿದ್ದೆ. ಸೋಂಕು ವಾಸಿಯಾದರೂ ಕಿವಿತಮಟೆಯ ಹಿಂದೆ ನೀರು ಉಳಿಯಬಹುದು. ಅದಕ್ಕೆ ನೋವಿಲ್ಲ, ಜ್ವರವಿಲ್ಲ. ಮಗು ದೂರುವುದೂ ಇಲ್ಲ, ಏಕೆಂದರೆ ತನಗೆ ಕಡಿಮೆ ಕೇಳಿಸುತ್ತಿದೆ ಎಂದು ಅದಕ್ಕೇ ಗೊತ್ತಿರುವುದಿಲ್ಲ. ಹೆಚ್ಚಿನ ಮಕ್ಕಳಲ್ಲಿ ಈ ನೀರು ಮೂರು ತಿಂಗಳೊಳಗೆ ತಾನಾಗಿ ಇಂಗುತ್ತದೆ. ನಮ್ಮ ಮಗನಿಗೆ ಇಂಗಲಿಲ್ಲ. ಒಂದರ ಮೇಲೊಂದು ನೆಗಡಿ ಬರುತ್ತಿದ್ದರೆ ಇಂಗಲು ಸಮಯವಾದರೂ ಎಲ್ಲಿ? ಕಿವಿಯಲ್ಲಿ ಬೆರಳಿಟ್ಟುಕೊಂಡಷ್ಟು ಮಂದ ಕೇಳಿಸುತ್ತಿತ್ತು ಅವನಿಗೆ. ಟಿವಿ ಸೌಂಡ್ ಏರಿಸುತ್ತಿದ್ದ, ಕರೆದರೆ ತಿರುಗುತ್ತಿರಲಿಲ್ಲ. ಎರಡು ವರ್ಷ ಮೊಬೈಲ್ ನೋಡಿ ಹೀಗಾಗಿದ್ದಾನೆ ಎಂದು ಗದರಿಸಿದೆ. ಟೀಚರು ಗಮನ ಕೊಡುವುದಿಲ್ಲ ಎಂದು ಡೈರಿಯಲ್ಲಿ ಬರೆದರು. ಆಗ ಎಲ್ಲರೂ ಮಾಸ್ಕ್ ಹಾಕುತ್ತಿದ್ದರು, ತುಟಿ ನೋಡಿ ಅರ್ಥ ಮಾಡಿಕೊಳ್ಳುವ ದಾರಿಯೂ ಮುಚ್ಚಿತ್ತು. ಇಡೀ ಒಂದು ಟರ್ಮ್ ಹಾಗೇ ಹೋಯಿತು. ಕೇಳಿಸದ ಮಗುವಿಗೆ ಬೈದದ್ದು ನನಗೆ ಇವತ್ತಿಗೂ ನೋವು.

ಕೊನೆಗೆ ಇಎನ್‌ಟಿ ಡಾಕ್ಟರು ಟಿಂಪನೋಮೆಟ್ರಿ ಮಾಡಿಸಿದರು. ಕಿವಿಗೆ ಸಣ್ಣ ಬಿರಡೆಯಂಥದ್ದನ್ನು ಇಟ್ಟು ತಮಟೆ ಅಲುಗುತ್ತದೆಯೇ ಎಂದು ನೋಡುವುದು ಅಷ್ಟೇ, ನೋವಾಗುವುದಿಲ್ಲ. ಎರಡೂ ಕಡೆ ನೀರಿತ್ತು. ಕಾದು ನೋಡಿದರೂ ಇಳಿಯದೆ ಗ್ರೊಮೆಟ್ ಹಾಕಿಸಿದೆವು. ತಮಟೆಯಲ್ಲಿ ಕೂರಿಸುವ ಚಿಕ್ಕ ಕೊಳವೆ ಅದು. ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ತಾನೇ ಉದುರುತ್ತದೆ. ಹಾಕಿಸಿದ ಮೇಲೆ ಅವನಿಗೆ ಮಿಕ್ಸಿ ಶಬ್ದ ಜೋರು ಅನ್ನಿಸತೊಡಗಿತು.

ಮಗಳನ್ನು ಒಂದು ವರ್ಷ ಮನೆಯಲ್ಲಿಟ್ಟುಕೊಂಡರೆ ನಳಿಕೆ ಅಷ್ಟು ಬೆಳೆದಿರುತ್ತದೆ, ಅದು ನಿಜ. ಆದರೂ ಕಳುಹಿಸಿ ಎಂದೇ ನಾನು ಹೇಳುತ್ತೇನೆ. ಚಿಕ್ಕ ಮಗುವಿಗೆ ಜೊತೆಯವರ ಮಾತು, ಆಟ ಬೇಕು. ಅದನ್ನು ಕೋವಿಡ್ ಒಮ್ಮೆ ಕಿತ್ತುಕೊಂಡಿದೆ, ನೀವೂ ಕಿತ್ತುಕೊಳ್ಳಬೇಡಿ.

ಕಿವಿ ಸೋರುತ್ತಿದೆ ಎಂದಿದ್ದೀರಿ. ಹಾಗಾದರೆ ತಮಟೆಯಲ್ಲಿ ತೂತು ಬಿದ್ದಿರಬಹುದು. ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆಯನ್ನು ಯಾರು ಹೇಳಿದರೂ ಕಿವಿಗೆ ಹಾಕಬೇಡಿ, ಸ್ನಾನದ ನೀರೂ ಒಳಗೆ ಹೋಗದಂತೆ ನೋಡಿಕೊಳ್ಳಿ. ಡಾಕ್ಟರು ಕೊಟ್ಟ ಔಷಧಿ ಮುಗಿಯುವ ತನಕ ಕೊಡಿ. ಮನೆಯಲ್ಲಿ ಯಾರಾದರೂ ಸಿಗರೇಟು ಸೇದುತ್ತಿದ್ದರೆ ನಿಲ್ಲಿಸಿ. ಚಿಕ್ಕ ತಮ್ಮನೋ ತಂಗಿಯೋ ಇದ್ದರೆ ನ್ಯುಮೋಕಾಕಸ್ ವಿರುದ್ಧದ ಪಿಸಿವಿ ಲಸಿಕೆ ತಪ್ಪಿಸಬೇಡಿ, 2021ರಿಂದ ಅದು ದೇಶದ ಎಲ್ಲ ಕಡೆ ಸರ್ಕಾರಿ ಲಸಿಕೆ ಪಟ್ಟಿಯಲ್ಲಿದೆ. ಸೋರುವುದು ನಿಂತ ಮೇಲೆ ಮತ್ತೆ ಕರೆದುಕೊಂಡು ಹೋಗಿ, ಎಷ್ಟು ಕೇಳಿಸುತ್ತಿದೆ ಎಂದು ಪರೀಕ್ಷೆ ಮಾಡಿಸಿ. ಮೈಸೂರಿನ ಕಡೆಯವರಾದರೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಚಿಕ್ಕ ಮಕ್ಕಳಿಗೂ ಮಾಡುತ್ತಾರೆ. ಅಲ್ಲಿಯವರೆಗೆ ಅವಳನ್ನು ಮುಂದಿನ ಬೆಂಚಿನಲ್ಲಿ ಕೂರಿಸಲು ಟೀಚರಿಗೆ ನಾಳೆಯೇ ಹೇಳಿ.