ಮಾಲಿನ್ಯ ಮತ್ತು ಹವಾಮಾನ ಬದಲಾವಣೆಯಿಂದ ಕಡಲಿನ ಬ್ಯಾಕ್ಟೀರಿಯಾಗಳಿಗೆ ಏನಾಗುತ್ತದೆ?

ಯಾವ ಜಾತಿ ಎಷ್ಟಿರಬೇಕು ಅನ್ನುವ ಲೆಕ್ಕವೇ ಬದಲಾಗುತ್ತದೆ. ಒಂದು ಮಿಲಿಲೀಟರ್ ಸಮುದ್ರದ ನೀರಿನಲ್ಲೇ ಸುಮಾರು 10 ಲಕ್ಷ ಬ್ಯಾಕ್ಟೀರಿಯಾ ಇರುತ್ತವೆ. ಹಾಗಾಗಿ ಇದು ಸಣ್ಣ ವಿಷಯವಲ್ಲ.

ನಮ್ಮ ಮಂಡ್ಯದಿಂದಲೇ ಶುರು ಮಾಡೋಣ. ಕಬ್ಬು, ಭತ್ತಕ್ಕೆ ಸುರಿಯುವ ಯೂರಿಯಾವನ್ನೆಲ್ಲ ಬೆಳೆ ಹೀರಿಕೊಳ್ಳುವುದಿಲ್ಲ. ಮಿಕ್ಕಿದ್ದರಲ್ಲಿ ಒಂದಷ್ಟು ಹಳ್ಳಗಳ ಮೂಲಕ ಕಾವೇರಿಗೆ ಹೋಗುತ್ತದೆ. ಕಾವೇರಿ ಪೂಂಪುಹಾರ್ ಹತ್ತಿರ ಬಂಗಾಳ ಕೊಲ್ಲಿ ಸೇರುತ್ತಾಳೆ, ಅಲ್ವಾ? ನದಿಗಳು ತರುವ ಸಾರಜನಕ ಜಾಸ್ತಿಯಾದರೆ ಕರಾವಳಿಯಲ್ಲಿ ಪಾಚಿ ವಿಪರೀತ ಬೆಳೆಯುತ್ತದೆ. ಅದು ಸತ್ತು ತಳಕ್ಕಿಳಿದಾಗ ಬ್ಯಾಕ್ಟೀರಿಯಾಗಳು ಅದನ್ನು ತಿನ್ನುತ್ತಾ ನೀರಿನ ಆಮ್ಲಜನಕವನ್ನೂ ಮುಗಿಸುತ್ತವೆ. ಆಮೇಲೆ ಆಮ್ಲಜನಕವಿಲ್ಲದೆ ಬದುಕಬಲ್ಲ ಜಾತಿಗಳದ್ದೇ ರಾಜ್ಯ. ಅವುಗಳಲ್ಲಿ ಹಲವು ಆಮ್ಲಜನಕದ ಬದಲು ನೈಟ್ರೇಟ್ (ಸಾರಜನಕದ ಒಂದು ರೂಪ) ಬಳಸಿ ಉಸಿರಾಡುತ್ತವೆ. ಆಗ ಸ್ವಲ್ಪ ನೈಟ್ರಸ್ ಆಕ್ಸೈಡ್ ಕೂಡ ಹೊರಬರುತ್ತದೆ. ಅದು ಭೂಮಿಯನ್ನು ಇನ್ನಷ್ಟು ಬಿಸಿ ಮಾಡುವ ಅನಿಲ. ಅಮೆರಿಕದ ಮಿಸಿಸಿಪ್ಪಿ ನದಿ ಕಡಲು ಸೇರುವ ಕಡೆ ಬೇಸಿಗೆ ಬಂತೆಂದರೆ ಹೀಗೆ ಆಮ್ಲಜನಕ ಕುಸಿದು, ಮೀನುಗಳು ದೂರ ಓಡುತ್ತವೆ, ಓಡಲಾಗದ ಜೀವಿಗಳು ಸಾಯುತ್ತವೆ.

ಇನ್ನು ಬಿಸಿ. ಮೇಲಿನ ನೀರು ಕಾದಷ್ಟೂ ಹಗುರಾಗಿ, ಕೆಳಗಿನ ತಣ್ಣನೆಯ ನೀರಿನೊಂದಿಗೆ ಬೆರೆಯುವುದು ಕಡಿಮೆಯಾಗುತ್ತದೆ. ಪೋಷಕಾಂಶ ಮೇಲೆ ಬರುವುದೂ ಕಡಿಮೆ. ಅಲ್ಪ ಆಹಾರದಲ್ಲೇ ಬದುಕುವ ಪುಟ್ಟ ಜಾತಿಗಳಿಗೆ ಇದು ಅನುಕೂಲ. ನನಗೆ ಹೆಚ್ಚು ಆತಂಕ ಇರುವುದು ವಿಬ್ರಿಯೋ ಗುಂಪಿನ ಬಗ್ಗೆ. ಕಾಲರಾ ತರುವುದೂ ಇದೇ ಗುಂಪಿನ ಒಂದು ಜಾತಿ. ಇವಕ್ಕೆ ಬೆಚ್ಚನೆಯ ನೀರು ಬಹಳ ಇಷ್ಟ. ಬಾಲ್ಟಿಕ್‌ನಂಥ ತಣ್ಣನೆಯ ಸಮುದ್ರದಲ್ಲೂ ಬಿಸಿ ಹೆಚ್ಚಿದ ಬೇಸಿಗೆಗಳಲ್ಲಿ ವಿಬ್ರಿಯೋ ಸೋಂಕುಗಳು ಏರಿವೆ.

ತೈಲದ ಕತೆ ಬೇರೆ. 2010ರಲ್ಲಿ ಮೆಕ್ಸಿಕೊ ಕೊಲ್ಲಿಯಲ್ಲಿ ತೈಲ ಸೋರಿದಾಗ, ಅದನ್ನು ತಿನ್ನುವ ಬ್ಯಾಕ್ಟೀರಿಯಾಗಳು ಬೇಗನೆ ಹೆಚ್ಚಿದವು. ಆದರೂ ಎಲ್ಲ ತೈಲವನ್ನೂ ಅವು ಕರಗಿಸಲಿಲ್ಲ. ಒಂದಷ್ಟು ತಳದ ಕೆಸರಿನಲ್ಲೇ ಉಳಿಯಿತು.